ಬೆನ್ನಿನ ಆಪರೇಷನ್ ಆಗಿ ಏಳು ವಾರ: ಕೆಲಸಕ್ಕೆ ಯಾವಾಗ, ಸ್ಕೂಟರ್ ಯಾವಾಗ, ಈ ನೋವು ಎಲ್ಲಿಯವರೆಗೆ?

ಪ್ರಶ್ನೆ: ನನಗೆ 24 ವರ್ಷ. ಊರು ಮೂಡಿಗೆರೆ ಹತ್ತಿರ. ಹಾಸನದ ಒಂದು ಬ್ಯಾಂಕಿನಲ್ಲಿ ಕೆಲಸ, ಅಲ್ಲೇ ಪಿಜಿಯಲ್ಲಿ ಇದ್ದೆ. ಸ್ಕೋಲಿಯೋಸಿಸ್, ಅಂದರೆ ಬೆನ್ನೆಲುಬು ಪಕ್ಕಕ್ಕೆ ಬಾಗುವ ತೊಂದರೆ ಇದೆ ಅಂತ ಹೈಸ್ಕೂಲಿನಲ್ಲೇ ಗೊತ್ತಾಗಿತ್ತು. ವಕ್ರ 58 ಡಿಗ್ರಿಗೆ ಹೋಗಿದೆ ಅಂತ ಮೇ ಕೊನೆಯಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿದರು. ಟಿ4ರಿಂದ ಎಲ್1ರವರೆಗೆ ರಾಡು, ಸ್ಕ್ರೂ ಹಾಕಿದ್ದಾರೆ. ಆರು ವಾರದ ಎಕ್ಸ್‌ರೇ ಚೆನ್ನಾಗಿದೆ ಅಂದರು. ಆದರೆ ಸಂಜೆಯಾದರೆ ಹೆಗಲ ಮೂಳೆಗಳ ನಡುವೆ ಉರಿ, ನೋವು. ಗಾಯದ ಸುತ್ತ ಜೋಮು. ಬೇಗ ಸುಸ್ತಾಗುತ್ತೆ, ಸುಮ್ನೆ ಅಳು ಬರುತ್ತೆ. ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿದರೆ ಇದೇ ಆಪರೇಷನ್ ಆದವರು ಮೂರು ತಿಂಗಳಿಗೆ ಜಿಮ್‌ನಲ್ಲಿದ್ದಾರೆ. ಅಜ್ಜಿ ನಂಜು ಅಂತ ಮೊಟ್ಟೆ, ಬದನೆಕಾಯಿ ಬಿಡಿಸಿದ್ದಾರೆ. ದೊಡ್ಡಮ್ಮ ಎಣ್ಣೆ ಹಚ್ಚಿ ತಿಕ್ಕಿಸು ಅಂತಾರೆ. ಮ್ಯಾನೇಜರ್ ಯಾವಾಗ ಬರ್ತೀರ ಅಂತ ಕೇಳ್ತಿದ್ದಾರೆ. ಅಮ್ಮನಿಗೆ ನನ್ನ ಮದುವೆ, ಮಕ್ಕಳ ಚಿಂತೆ. ನಾನು ಸರಿ ಹೋಗ್ತಿದ್ದೀನಾ?

ಉತ್ತರ: ಹೌದು, ಸರಿ ಹೋಗ್ತಿದ್ದೀರಿ. ನೀವು ಬರೆದದ್ದರಲ್ಲಿ ನನ್ನನ್ನು ಹೆದರಿಸುವಂಥದ್ದು ಒಂದೂ ಇಲ್ಲ. ಏಳನೇ ವಾರದಲ್ಲಿ ಬಹಳಷ್ಟು ಜನ ಹೀಗೇ ಇರುತ್ತಾರೆ. ನಾನು ಹಾಸನದಲ್ಲಿ ಫಿಸಿಯೋಥೆರಪಿ ಮಾಡುವವಳು. ನಮ್ಮ ಕಡೆಯವರು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಆಪರೇಷನ್ ಮಾಡಿಸಿಕೊಂಡು ಊರಿಗೆ ಬಂದ ಮೇಲೆ, ಮುಂದಿನ ತಿಂಗಳುಗಳ ಪ್ರಶ್ನೆಗಳೆಲ್ಲ ನಮ್ಮ ಹತ್ತಿರ ಬರುತ್ತವೆ. ಆಸ್ಪತ್ರೆಯ ಚೀಟಿಯಲ್ಲಿ ಬಗ್ಗಬೇಡಿ, ಭಾರ ಎತ್ತಬೇಡಿ, ತಿರುಚಬೇಡಿ ಅಂತ ಇರುತ್ತದೆ. ಮಲೆನಾಡಿನ ಮನೆಯಲ್ಲಿ ಅದನ್ನು ಪಾಲಿಸುವುದು ಹೇಗೆ ಅಂತ ಇರುವುದಿಲ್ಲ, ಅಲ್ವಾ?

ಮೊದಲು ಒಳಗೆ ಏನು ನಡೆಯುತ್ತಿದೆ ಅಂತ ತಿಳಿದುಕೊಳ್ಳಿ. ಟಿ4ರಿಂದ ಎಲ್1 ಅಂದರೆ ಎದೆಯ ಭಾಗದ ನಾಲ್ಕನೇ ಮಣಿಯಿಂದ ಸೊಂಟದ ಭಾಗದ ಮೊದಲನೇ ಮಣಿಯವರೆಗೆ, ಬೆನ್ನೆಲುಬಿನ ಹತ್ತು ಮಣಿಗಳು. ಅಲ್ಲಿಗೆ ತಲುಪಲು ಬೆನ್ನಿನ ಎರಡೂ ಬದಿಯ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಸರಿಸಿರುತ್ತಾರೆ. ಸ್ಕ್ರೂ ಕೂರಿಸಿ, ರಾಡಿಗೆ ಜೋಡಿಸಿ, ಬೆನ್ನನ್ನು ಆದಷ್ಟು ನೇರ ಮಾಡಿ, ಮಣಿಗಳ ಮೇಲ್ಮೈ ಕೆರೆದು ಅದರ ಮೇಲೆ ಮೂಳೆಯ ಚೂರುಗಳನ್ನು ಹರಡಿರುತ್ತಾರೆ. ಆ ಚೂರುಗಳು ಬೆಳೆದು, ಹತ್ತು ಮಣಿಗಳೂ ಸೇರಿ ಒಂದೇ ಮೂಳೆ ಆಗಬೇಕು. ಆಪರೇಷನ್ನಿನ ನಿಜವಾದ ಗುರಿ ಅದು. ರಾಡು ಮತ್ತು ಸ್ಕ್ರೂ ಮನೆ ಕಟ್ಟುವಾಗ ಹಾಕುವ ಸೆಂಟ್ರಿಂಗ್ ಇದ್ದ ಹಾಗೆ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದಿಡುವ ಕೆಲಸ ಅವುಗಳದ್ದು. ಒಂದೇ ವ್ಯತ್ಯಾಸ, ಇವನ್ನು ಆಮೇಲೆ ಸಾಮಾನ್ಯವಾಗಿ ತೆಗೆಯುವುದಿಲ್ಲ.

ಚರ್ಮ ಎರಡು ಮೂರು ವಾರದಲ್ಲಿ ಕೂಡುತ್ತದೆ. ಸ್ನಾಯುಗಳಿಗೆ ಮೂರು ತಿಂಗಳು, ಕೆಲವರಿಗೆ ಆರು ತಿಂಗಳು ಬೇಕು. ಮೂಳೆ ಪೂರ್ತಿ ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ. ನೋವು ಬರುವುದು ಹೆಚ್ಚಾಗಿ ಸ್ನಾಯುಗಳಿಂದ. ಹಾಗಾಗಿ ಈಗಿನ ನೋವು ನೋಡಿ ಮೂಳೆ ಕೂಡುತ್ತಿಲ್ಲ ಅಂತ ಹೆದರಬೇಡಿ. ಮುಂದೆ ನೋವು ಹೋದ ದಿನ ಮೂಳೆ ಕೂಡಿಬಿಟ್ಟಿತು ಅಂತಲೂ ಅಂದುಕೊಳ್ಳಬೇಡಿ. ನನಗೆ ಹೆಚ್ಚು ಚಿಂತೆ ಈ ಎರಡನೆಯದರದ್ದೇ. ನಿಮ್ಮ ವಯಸ್ಸಿನವರಿಗೆ ಮೂರನೇ, ನಾಲ್ಕನೇ ತಿಂಗಳಲ್ಲಿ ಮೈ ಹಗುರಾಗುತ್ತದೆ. ಎಲ್ಲಾ ಮುಗೀತು ಅನ್ನಿಸುತ್ತದೆ. ಒಳಗೆ ಮೂಳೆ ಇನ್ನೂ ಎಳಸಾಗಿರುತ್ತದೆ. ಅದು ಕೂಡದೇ ಹೋದರೆ ದಿನದಿನದ ಭಾರವೆಲ್ಲ ರಾಡಿನ ಮೇಲೆ ಬಿದ್ದು, ವರ್ಷಗಳ ನಂತರ ರಾಡು ಮುರಿಯಬಹುದು, ಸ್ಕ್ರೂ ಸಡಿಲವಾಗಬಹುದು. ಹೀಗಾಗುವುದು ಅಪರೂಪ. ಆದರೆ ಹಾಗೇನಾದರೂ ಆದರೆ ಮತ್ತೊಂದು ಆಪರೇಷನ್ ಬೇಕಾಗಬಹುದು. ಇಷ್ಟು ಕಾಯಿಸುವುದಕ್ಕೆ ಕಾರಣ ಇದು.

ಇನ್‌ಸ್ಟಾಗ್ರಾಮ್ ಬಗ್ಗೆ ಒಂದು ಮಾತು. ಅಲ್ಲಿ ಕಾಣುವವರಲ್ಲಿ ಬಹಳ ಮಂದಿ ಹದಿಮೂರು, ಹದಿನಾಲ್ಕರ ಮಕ್ಕಳು. ಆ ವಯಸ್ಸಿನ ಬೆನ್ನು ಮೆತ್ತಗೆ ಬಾಗುತ್ತದೆ, ಬೇಗ ಮಾಯುತ್ತದೆ. ಇಪ್ಪತ್ತು ದಾಟಿದ ಮೇಲೆ ವಕ್ರ ಬಿಗಿಯಾಗಿರುತ್ತದೆ, ಸ್ನಾಯುಗಳು ಹತ್ತು ವರ್ಷದಿಂದ ಸೊಟ್ಟಕ್ಕೇ ಒಗ್ಗಿರುತ್ತವೆ. ಜೊತೆಗೆ ಒಬ್ಬೊಬ್ಬರಿಗೆ ಕೂಡಿಸಿದ ಮಣಿಗಳ ಸಂಖ್ಯೆ ಬೇರೆ, ಸರ್ಜನ್ನರ ಪದ್ಧತಿಯೂ ಬೇರೆ. ಬೇರೆಯವರ ಮೂರು ತಿಂಗಳನ್ನು ನಿಮ್ಮ ಏಳು ವಾರಕ್ಕೆ ಹೋಲಿಸಬೇಡಿ.

ಈಗ ಸಂಜೆಯ ನೋವು. ನಿಮ್ಮ ಹೆಗಲು, ಕುತ್ತಿಗೆ, ಸೊಂಟ ಎಲ್ಲವೂ ಈಗ ಹೊಸ ಜಾಗದಲ್ಲಿವೆ. ಎರಡು ಮೂರು ಸೆಂಟಿಮೀಟರ್ ಉದ್ದವೂ ಆಗಿರಬಹುದು. ಹಳೆಯ ಬ್ಲೌಸ್ ಹೆಗಲಲ್ಲಿ ಕೂರುತ್ತಿಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ಕನ್ನಡಿಯಲ್ಲಿ ನೇರ ಕಂಡರೂ ನಿಮಗೆ ವಾರೆ ನಿಂತ ಹಾಗೆ ಅನ್ನಿಸಬಹುದು, ಏಕೆಂದರೆ ಮಿದುಳಿಗೆ ಹಳೆಯ ಲೆಕ್ಕವೇ ರೂಢಿ. ಹೊಸ ನಿಲುವಿನಲ್ಲಿ ದಿನವಿಡೀ ತಲೆ ಹೊತ್ತ ಸ್ನಾಯುಗಳು ಸಂಜೆಗೆ ಸೋಲುತ್ತವೆ. ಆದ್ದರಿಂದ ನೋವು ಬಂದ ಮೇಲೆ ಮಲಗುವುದಲ್ಲ, ಬರುವ ಮೊದಲೇ ಮಲಗಿ. ಮಧ್ಯಾಹ್ನ ಊಟ ಆಗಿ ಸ್ವಲ್ಪ ಹೊತ್ತಿಗೆ ಮತ್ತು ಸಂಜೆ ನಾಲ್ಕಕ್ಕೆ ಇಪ್ಪತ್ತು ನಿಮಿಷ ಅಂಗಾತ ಮಲಗಿ, ಮಂಡಿ ಕೆಳಗೆ ದಿಂಬು ಇಟ್ಟುಕೊಳ್ಳಿ. ಮೊಬೈಲನ್ನು ಮಡಿಲಲ್ಲಿಟ್ಟು ತಲೆ ಬಗ್ಗಿಸಿ ನೋಡುವುದು ಈ ನೋವನ್ನು ದುಪ್ಪಟ್ಟು ಮಾಡುತ್ತದೆ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ.

ಜೋಮು ಬರುವುದು ಚರ್ಮದ ಸಣ್ಣ ನರಗಳು ಕತ್ತರಿಸಿರುವುದರಿಂದ. ತಿಂಗಳುಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ, ಸ್ವಲ್ಪ ಜಾಗದಲ್ಲಿ ಉಳಿದರೂ ತೊಂದರೆ ಇಲ್ಲ. ಆದರೆ ಜೋಮು ಇರುವ ಕಡೆ ಬಿಸಿ ನೀರಿನ ಚೀಲ ಇಡಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ.

ಈ ಹಂತದಲ್ಲಿ ನಿಮ್ಮ ವ್ಯಾಯಾಮ ಅಂದರೆ ನಡಿಗೆ. ಬೇರೆ ಏನೂ ಬೇಡ. ಒಂದೇ ಸಲ ಒಂದು ಗಂಟೆ ನಡೆದು ಸೋಲುವ ಬದಲು, ದಿನಕ್ಕೆ ನಾಲ್ಕೈದು ಸಲ ಹತ್ತು ಹದಿನೈದು ನಿಮಿಷ. ವಾರವಾರ ಸ್ವಲ್ಪ ಹೆಚ್ಚಿಸಿ. ನಿಮ್ಮ ಕಡೆ ಮನೆಯಿಂದ ಕಾಲಿಟ್ಟರೆ ಏರು, ಇಲ್ಲ ಇಳಿಜಾರು. ಸಮತಟ್ಟಾದ ಜಾಗ ಅಂದರೆ ಕಾಫಿ ಕಣ. ಈಗ ಕೊಯ್ಲು ಇಲ್ಲದ ಕಾಲ, ಕಣ ಖಾಲಿ ಇರುತ್ತದೆ. ಆದರೆ ಜುಲೈ ಮಳೆಯಲ್ಲಿ ಕಣದ ಸಿಮೆಂಟಿನ ಮೇಲೂ, ಅಂಗಳದ ಕಲ್ಲಿನ ಮೇಲೂ ಪಾಚಿ ಕಟ್ಟುತ್ತದೆ. ನಿಮ್ಮ ವಿಷಯದಲ್ಲಿ ನನಗೆ ನಿಜವಾಗಿ ಭಯ ಇರುವುದು ಒಂದಕ್ಕೆ, ಜಾರಿ ಬೀಳುವುದಕ್ಕೆ. ಮಳೆ ಬಿಡುವು ಕೊಡದಿದ್ದರೆ ಜಗುಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯಿರಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ, ಹಿಡಿತ ಇರುವ ಚಪ್ಪಲಿ ಹಾಕಿ. ಬಚ್ಚಲಿಗೆ ಹೋಗುವ ದಾರಿಯನ್ನು ಯಾರಾದರೂ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಕೊಡಲಿ.

ಬಚ್ಚಲಲ್ಲಿ ಬಕೆಟ್ ನೆಲದ ಮೇಲಿದ್ದರೆ ಪ್ರತಿ ಚೊಂಬಿಗೂ ಬಗ್ಗಬೇಕು. ಬಕೆಟನ್ನು ಒಂದು ಸ್ಟೂಲ್ ಮೇಲೆ ಇಡಿಸಿ, ನೀವು ಇನ್ನೊಂದು ಎತ್ತರದ ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿ. ಹಂಡೆಯಿಂದ ನೀರು ತೋಡುವ ಕೆಲಸ ಬೇರೆಯವರದ್ದು. ಟಾಯ್ಲೆಟ್ ನೆಲಮಟ್ಟದ್ದಾದರೆ ಮೇಲೆ ಇಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಕುಕ್ಕರಗಾಲಲ್ಲಿ ಕೂರುವುದು ಜೀವನಪೂರ್ತಿ ನಿಷೇಧ ಅಲ್ಲ. ನಿಮ್ಮ ಸೊಂಟದ ಕೆಳಗಿನ ಮಣಿಗಳು ಬಿಡುವಾಗಿವೆ, ತೊಡೆಯ ಕೀಲು ಪೂರ್ತಿ ಬಾಗುತ್ತದೆ. ಮೂರು ತಿಂಗಳ ಎಕ್ಸ್‌ರೇ ಆದ ಮೇಲೆ ಸರ್ಜನ್ನರನ್ನು ಕೇಳಿ, ಗೋಡೆಗೆ ಹಿಡಿ ಹಾಕಿಸಿಕೊಂಡು ಶುರು ಮಾಡಿ.

ಹಾಸಿಗೆಯಿಂದ ಏಳುವುದನ್ನು ಆಸ್ಪತ್ರೆಯಲ್ಲಿ ಕಲಿಸಿರುತ್ತಾರೆ. ಆರು ವಾರ ಆಯಿತು ಅಂತ ಬಿಟ್ಟುಬಿಡಬೇಡಿ. ಮಂಡಿ ಎರಡನ್ನೂ ಮಡಚಿ. ಹೆಗಲು, ಸೊಂಟ, ಮಂಡಿ ಒಟ್ಟಿಗೇ ಒಂದು ಮಗ್ಗುಲಿಗೆ ಹೊರಳಲಿ. ಕಾಲು ಮಂಚದಿಂದ ಕೆಳಗೆ ಇಳಿಯುವ ಹೊತ್ತಿಗೇ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯಿಂದ ಹಾಸಿಗೆ ಒತ್ತಿ ಎದ್ದು ಕೂರಿ. ಅರ್ಧ ನಿಮಿಷ ಹಾಗೇ ಕೂತು ಆಮೇಲೆ ನಿಲ್ಲಿ. ನೆಲದ ಮೇಲಿನ ಹಾಸಿಗೆ ಸದ್ಯಕ್ಕೆ ಬೇಡ. ಮಂಚ ಮಂಡಿಯ ಎತ್ತರಕ್ಕಿದ್ದರೆ ಒಳ್ಳೆಯದು.

ಭಾರದ ವಿಷಯ. ಈಗ ಎರಡು ಲೀಟರ್ ನೀರಿನ ಬಾಟಲಿ ಎತ್ತಬಹುದು, ಅದೂ ಮೈಗೆ ಹತ್ತಿರ ಹಿಡಿದು. ಮೂರು ತಿಂಗಳ ಹೊತ್ತಿಗೆ ನಾಲ್ಕೈದು ಕಿಲೋ ಅಂತ ಹೆಚ್ಚಿನ ಸರ್ಜನ್‌ಗಳು ಹೇಳುತ್ತಾರೆ. ನಿಮ್ಮ ಚೀಟಿಯಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಸರಿ. ಸೊಂಟದ ಮೇಲೆ ಕೊಡಪಾನ ಇಟ್ಟುಕೊಂಡು ನಡೆಯುವುದು ಭಾರವೂ ಹೌದು, ವಾರೆಯೂ ಹೌದು. ಗ್ಯಾಸ್ ಸಿಲಿಂಡರನ್ನು ಮುಟ್ಟಲೇ ಬೇಡಿ. ಒಳಗಿನ ಗ್ಯಾಸೇ 14.2 ಕಿಲೋ, ಕಬ್ಬಿಣದ ತೂಕ ಬೇರೆ. ಆದರೆ ಜನ ಮರೆಯುವುದು ಪೊರಕೆಯನ್ನು. ಮೋಟು ಪೊರಕೆ ಹಿಡಿದು ಅಂಗಳ ಗುಡಿಸುವಾಗ ಬಗ್ಗುವುದು, ತಿರುಚುವುದು ಎರಡೂ ಒಟ್ಟಿಗೆ ಆಗುತ್ತದೆ. ಭಾರ ಇಲ್ಲವಲ್ಲ ಅಂತ ಮಾಡಿಬಿಡುತ್ತಾರೆ. ಮನೆಗೆಲಸದಲ್ಲಿ ನೀವು ಕೊನೆಗೆ ವಾಪಸ್ ತೆಗೆದುಕೊಳ್ಳಬೇಕಾದ ಕೆಲಸ ಅದು. ತುರಿಯುವ ಮಣೆ ಮೇಲೆ ಕೂತು ಕಾಯಿ ತುರಿಯುವುದೂ ಅದೇ ಸಾಲಿಗೆ ಸೇರುತ್ತದೆ. ನಿಂತು ತರಕಾರಿ ಹೆಚ್ಚಿ, ಒಲೆ ಮುಂದೆ ನಿಂತು ದೋಸೆ ಹುಯ್ಯಿರಿ, ಬೇಡ ಅನ್ನುವವರು ಯಾರೂ ಇಲ್ಲ.

ಅಜ್ಜಿಯ ಪ್ರೀತಿಗೆ ಕೈ ಮುಗಿಯುತ್ತೇನೆ. ಆದರೆ ಮೊಟ್ಟೆ ಬಿಡಿಸಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ಬದನೆಕಾಯಿ ತಿಂದರೆ ಗಾಯ ಕೀವು ಕಟ್ಟುವುದಿಲ್ಲ. ಗಾಯ ಕೂಡಲು, ಸ್ನಾಯು ಬೆಳೆಯಲು, ಮೂಳೆ ಕೂಡಲು ಪ್ರೋಟೀನ್ ಬೇಕೇ ಬೇಕು. ಮೊಟ್ಟೆ, ಮೀನು, ಕೋಳಿ, ಬೇಳೆ, ಹುರುಳಿ, ಮೊಸರು, ಕಡಲೆಬೀಜ ಎಲ್ಲಾ ತಿನ್ನಿ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಹಾಸನ ಕಡೆಯ ಮುದ್ದೆ ಈಗ ಒಳ್ಳೆಯ ಊಟ. ಕ್ಯಾಲ್ಸಿಯಂ ಮೂಳೆಗೆ ಸೇರಲು ವಿಟಮಿನ್ ಡಿ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೇ ಇರುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟು ತೆಗೆದುಕೊಳ್ಳಿ. ಅದೇ ರಕ್ತದಲ್ಲಿ ಹಿಮೋಗ್ಲೋಬಿನ್ನೂ ನೋಡಿಸಿ. ಇದು ರಕ್ತ ಹೋಗುವ ಆಪರೇಷನ್. ನಿಮ್ಮ ಸುಸ್ತಿಗೆ ಅದೂ ಒಂದು ಕಾರಣ ಇರಬಹುದು. ಕಬ್ಬಿಣದ ಮಾತ್ರೆ ಕೊಟ್ಟರೆ ಅದನ್ನು ಕಾಫಿ ಜೊತೆ ನುಂಗಬೇಡಿ. ಕಾಫಿ, ಟೀ ಎರಡೂ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ ತೋಟದ ಮನೆಯಲ್ಲಿ ಇದು ಕಷ್ಟ, ಗೊತ್ತು. ಒಂದೆರಡು ಗಂಟೆ ಅಂತರ ಇರಲಿ, ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ.

ಎಣ್ಣೆ ತಿಕ್ಕಿಸುವುದು ಬೇಡ, ಖಂಡಿತ ಬೇಡ. ನೆಟಿಕೆ ತೆಗೆಯುವವರು, ಮೂಳೆ ಕಟ್ಟುವವರು ಎಷ್ಟೇ ಹೆಸರುವಾಸಿ ಆಗಿರಲಿ, ನಿಮ್ಮ ಬೆನ್ನಿನ ಮೇಲೆ ಕೈ ಇಡಕೂಡದು. ದೊಡ್ಡಮ್ಮನಿಗೆ ಬೇಕಾದರೆ ಪಾದಕ್ಕೆ ಎಣ್ಣೆ ಹಚ್ಚಿ ಕೊಡಲಿ. ಪೂರ್ತಿ ಮಲಗೇ ಇರು ಅನ್ನುವವರೂ ಇರುತ್ತಾರೆ. ಅವರ ನೆನಪಿನಲ್ಲಿರುವುದು ಹಳೆಯ ಕಾಲ. 1960ರ ದಶಕದಲ್ಲಿ ಹ್ಯಾರಿಂಗ್‌ಟನ್ ಎಂಬ ಅಮೆರಿಕದ ಸರ್ಜನ್ನರ ರಾಡು ಹಾಕಿದವರು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಇರಬೇಕಿತ್ತು. ಈಗಿನ ಸ್ಕ್ರೂಗಳ ಹಿಡಿತ ಬೇರೆ. ಅದಕ್ಕೇ ನಿಮ್ಮನ್ನು ಒಂದೆರಡು ದಿನಕ್ಕೇ ಎಬ್ಬಿಸಿ ನಿಲ್ಲಿಸಿದ್ದು.

ನೋವಿನ ಮಾತ್ರೆ ಬಗ್ಗೆ ಹುಷಾರು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಮೂಳೆ ಕೂಡುವುದನ್ನು ನಿಧಾನ ಮಾಡಬಹುದು ಅಂತ ಅನೇಕ ಸರ್ಜನ್‌ಗಳು ಮೊದಲ ತಿಂಗಳುಗಳಲ್ಲಿ ಬೇಡ ಅನ್ನುತ್ತಾರೆ. ಕೇಳದೆ ತೆಗೆದುಕೊಳ್ಳಬೇಡಿ. ಟ್ರಾಮಡಾಲ್, ಪ್ರಿಗಾಬಲಿನ್ ಕೊಟ್ಟಿದ್ದರೆ ಒಂದೇ ದಿನಕ್ಕೆ ನಿಲ್ಲಿಸಬೇಡಿ, ಅವರು ಹೇಳಿದ ಹಾಗೆ ಕಡಿಮೆ ಮಾಡುತ್ತಾ ಬನ್ನಿ. ಮಲಬದ್ಧತೆ ಇದ್ದರೆ ಅದಕ್ಕೂ ಆ ಮಾತ್ರೆಗಳೇ ಕಾರಣ ಇರಬಹುದು. ಸಿಗರೇಟು ಮೂಳೆಗೆ ದೊಡ್ಡ ಶತ್ರು. ನೀವು ಸೇದುತ್ತೀರಿ ಅಂತ ಅಲ್ಲ, ಇದನ್ನು ಓದುವ ಹುಡುಗರಿಗೂ ಸೇರಿಸಿ ಹೇಳುತ್ತಿದ್ದೇನೆ.

ಕೆಲಸ. ಕೂತು ಮಾಡುವ ಕೆಲಸಕ್ಕೆ ಆರು ವಾರದಿಂದ ಮೂರು ತಿಂಗಳ ಒಳಗೆ ಹೋಗುವವರೇ ಜಾಸ್ತಿ. ನಿಮಗೆ ಸಂಜೆಯ ನೋವು ಇನ್ನೂ ಇಷ್ಟಿರುವಾಗ ಹತ್ತನೇ ವಾರದ ಆಸುಪಾಸಿಗೆ, ಸರ್ಜನ್ ಒಪ್ಪಿದರೆ, ಅರ್ಧ ದಿನದಿಂದ ಶುರು ಮಾಡಿ ಅನ್ನುತ್ತೇನೆ. ಮ್ಯಾನೇಜರಿಗೆ ಬಾಯಿ ಮಾತಿನಲ್ಲಿ ಹೇಳಬೇಡಿ. ಅರ್ಧ ದಿನ ಎಷ್ಟು ವಾರ, ಎಷ್ಟು ಕಿಲೋ ಮೀರಿ ಎತ್ತಬಾರದು, ಅರ್ಧ ಗಂಟೆಗೊಮ್ಮೆ ಏಳಬೇಕು ಅಂತ ಡಾಕ್ಟರ ಪತ್ರದಲ್ಲೇ ಬರೆಸಿಕೊಳ್ಳಿ. ಕ್ಯಾಶ್ ಕೌಂಟರ್ ಆದರೆ ಸದ್ಯ ಬದಲಾಯಿಸಿಕೊಳ್ಳಿ. ನಾಣ್ಯದ ಚೀಲ ನೋಡಲು ಸಣ್ಣದು, ತೂಕ ಜಾಸ್ತಿ. ಕೆಳಗಿನ ಡ್ರಾಯರ್‌ನಲ್ಲಿರುವ ಫೈಲುಗಳನ್ನೆಲ್ಲ ಮೇಜಿನ ಮೇಲಕ್ಕೆ ತರಿಸಿ. ಕುರ್ಚಿ ಮೆತ್ತಗಿರುವುದಕ್ಕಿಂತ ಎತ್ತರ ಸರಿ ಇರುವುದು ಮುಖ್ಯ: ಪಾದ ನೆಲಕ್ಕೆ ತಾಗಬೇಕು, ಮಂಡಿಗಿಂತ ಸೊಂಟ ಸ್ವಲ್ಪ ಮೇಲಿರಬೇಕು. ಪಿಜಿಯಲ್ಲಿ ನೆಲಮಹಡಿಯ ರೂಮು ಸಿಕ್ಕರೆ ಒಳ್ಳೆಯದು. ಸಿಗದಿದ್ದರೂ ಚಿಂತೆ ಇಲ್ಲ, ಮೆಟ್ಟಿಲು ಹತ್ತಬಹುದು.

ಮೂಡಿಗೆರೆಯಿಂದ ಹಾಸನಕ್ಕೆ ಬಸ್ಸಿನಲ್ಲಿ ಬರುವಾಗ ಹಿಂದಿನ ಸೀಟು ಬೇಡ. ಹಂಪು, ಗುಂಡಿಯ ಏಟೆಲ್ಲ ಅಲ್ಲೇ. ಎರಡು ಚಕ್ರಗಳ ನಡುವಿನ ಸೀಟು ಹಿಡಿಯಿರಿ, ಬ್ಯಾಗು ಬೇರೆಯವರು ಮೇಲಿಡಲಿ. ಬೇಲೂರಿನಲ್ಲಿ ಇಳಿದು ಹತ್ತು ನಿಮಿಷ ಓಡಾಡಿ ಮುಂದಿನ ಬಸ್ಸಿಗೆ ಬಂದರೂ ಆಯಿತು. ಬೆಂಗಳೂರಿನ ಚೆಕಪ್‌ಗೆ ಹಾಸನದಿಂದ ರೈಲು ನನ್ನ ಆಯ್ಕೆ, ಬೇಕಾದಾಗ ಎದ್ದು ನಡೆಯಬಹುದು. ಕಾರಾದರೆ ಚನ್ನರಾಯಪಟ್ಟಣದಲ್ಲಿ ಒಮ್ಮೆ, ಕುಣಿಗಲ್‌ನಲ್ಲಿ ಒಮ್ಮೆ ಇಳಿಯಿರಿ.

ಸ್ಕೂಟರ್ ಮೂರು ತಿಂಗಳ ಎಕ್ಸ್‌ರೇಗೆ ಮೊದಲು ಬೇಡ. ಆಮೇಲೂ ಸರ್ಜನ್ ಹೂಂ ಅಂದ ಮೇಲೆ, ಹಾಸನದ ಒಳಗಿನ ನುಣುಪು ರಸ್ತೆಯಲ್ಲಿ ಶುರು ಮಾಡಿ. ಎರಡೂ ಕನ್ನಡಿ ಇರಲಿ, ಏಕೆಂದರೆ ಎದೆಯ ಭಾಗದ ಬೆನ್ನು ಇನ್ನು ಮೊದಲಿನಷ್ಟು ತಿರುಗುವುದಿಲ್ಲ. ಹಿಂದೆ ಕೂರುವಾಗ ಸೀರೆಯೋ ಚೂಡಿದಾರೋ, ಒಂದೇ ಬದಿಗೆ ಕಾಲು ಹಾಕಿ ಕೂರಬೇಡಿ. ಹಾಗೆ ಕೂತರೆ ಇಡೀ ದಾರಿ ಬೆನ್ನು ತಿರುಚಿಯೇ ಇರುತ್ತದೆ. ಈಜು ಸಾಮಾನ್ಯವಾಗಿ ಮೂರು ತಿಂಗಳ ನಂತರ, ಓಟ ಆರು ತಿಂಗಳ ನಂತರ. ಮುಳ್ಳಯ್ಯನಗಿರಿ ಹತ್ತುವ ಆಸೆ ಇದ್ದರೆ ಆರು ತಿಂಗಳ ಎಕ್ಸ್‌ರೇ ಕೈಯಲ್ಲಿರಲಿ, ಮಳೆಗಾಲ ಮುಗಿದಿರಲಿ. ಕಬಡ್ಡಿ ಥರ ಮೈಗೆ ಮೈ ತಾಗುವ ಆಟಕ್ಕೆ ಒಂದು ವರ್ಷ.

ಅಳುವಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಅದನ್ನು ನಾನು ಸಣ್ಣದು ಅಂತ ನೋಡುವುದಿಲ್ಲ. ಆಪರೇಷನ್ ಆದ ಹೊಸದರಲ್ಲಿ ಬಂದು ನೋಡುವವರು ಇರುತ್ತಾರೆ. ಆರನೇ ವಾರಕ್ಕೆ ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ, ನೀವು ಮಾತ್ರ ಉಳಿಯುತ್ತೀರಿ. ನಿದ್ದೆ ಸರಿ ಇಲ್ಲ, ಸಂಬಳ ನಿಂತಿದೆ, ಕೂದಲು ಕಟ್ಟಲೂ ಅಮ್ಮ ಬೇಕು. ಸ್ವಂತ ಕಾಲ ಮೇಲೆ ನಿಂತಿದ್ದವರಿಗೆ ಇದು ನುಂಗಲಾರದ ಕಷ್ಟ. ಹೊರಗೆ ನಡೆಯಲು ಶುರುವಾದಂತೆ ಬಹಳ ಜನರಿಗೆ ಇದು ಹಗುರಾಗುತ್ತದೆ. ಎರಡು ವಾರ ಕಳೆದರೂ ದಿನವಿಡೀ ಮಂಕು, ಊಟ ಬೇಡ, ಯಾವುದರಲ್ಲೂ ಮನಸ್ಸಿಲ್ಲ ಅಂತ ಇದ್ದರೆ ಡಾಕ್ಟರಿಗೆ ಹೇಳಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬದುಕುವುದೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೇಳಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು: ಗಾಯ ಕೆಂಪಗಾಗಿ ಊದುವುದು, ನೀರು ಅಥವಾ ಕೀವು ಒಸರುವುದು, ಜ್ವರ. ಕಾಲಿನಲ್ಲಿ ಹೊಸದಾಗಿ ಶಕ್ತಿ ಕಡಿಮೆಯಾಗುವುದು. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಜೋಮು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು. ಬೆನ್ನಲ್ಲಿ ಟಕ್ ಅಂದು ಹೊಸ ನೋವು ಶುರುವಾಗುವುದು. ಇನ್ನೊಂದು ವಿಚಾರ ಯಾರೂ ಹೇಳುವುದಿಲ್ಲ. ತೆಳ್ಳಗಿರುವವರಿಗೆ ಬೆನ್ನು ನೇರವಾದ ಮೇಲೆ ಒಳಗಿನ ಒಂದು ರಕ್ತನಾಳ ಸಣ್ಣ ಕರುಳನ್ನು ಒತ್ತಿ, ಉಂಡದ್ದೆಲ್ಲ ಹಸಿರು ಪಿತ್ತದ ಜೊತೆ ವಾಂತಿ ಆಗಬಹುದು. ಹೆಚ್ಚಾಗಿ ಮೊದಲ ವಾರಗಳಲ್ಲೇ ಬರುತ್ತದೆ. ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಮನೆಯಲ್ಲಿ ಕೂರಬಾರದು. ರಾತ್ರಿ ಹೊತ್ತಾದರೆ ಬೆಂಗಳೂರಿನ ತನಕ ಓಡುವುದು ಬೇಡ, ಮೊದಲು ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಹೋಗಿ, ಅಲ್ಲಿಂದ ನಿಮ್ಮ ಸರ್ಜನ್ನರಿಗೆ ಫೋನ್ ಮಾಡಿಸಿ.

ಅಮ್ಮನ ಚಿಂತೆಗೆ ಉತ್ತರ ಅಮ್ಮನಿಗೇ ಓದಿ ಹೇಳಿ. ಈ ಆಪರೇಷನ್ ಗರ್ಭ ಧರಿಸುವುದಕ್ಕೆ ಅಡ್ಡಿ ಅಲ್ಲ. ಮೂಳೆ ಕೂಡಲು ಒಂದು ವರ್ಷ ಬಿಟ್ಟು ಆಮೇಲೆ ಮಗು ಅಂತ ಹೆಚ್ಚಿನವರು ಸಲಹೆ ಕೊಡುತ್ತಾರೆ. ರಾಡು ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ, ಸಹಜ ಹೆರಿಗೆ ಆಗುತ್ತದೆ. ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್ ಸಾಮಾನ್ಯವಾಗಿ ಎಲ್3, ಎಲ್4ರ ಹತ್ತಿರ. ನಿಮ್ಮ ರಾಡು ಎಲ್1ಕ್ಕೇ ನಿಂತಿರುವುದರಿಂದ ಅದಕ್ಕೂ ಜಾಗ ಇದೆ. ಆದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿದಿರಬೇಕು. ಆಪರೇಷನ್ ನೋಟ್ ಮತ್ತು ಈಗಿನ ಎಕ್ಸ್‌ರೇಯ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಎಂಆರ್‌ಐ ಮಾಡಿಸುವಾಗಲೂ ಅದೇ ತೋರಿಸಿದರೆ ಆಯಿತು. ಟೈಟಾನಿಯಂ ಆದರೆ ಎಂಆರ್‌ಐಗೆ ತೊಂದರೆ ಇಲ್ಲ. ಸ್ಕೋಲಿಯೋಸಿಸ್ ಕೆಲವು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಜನರಲ್ಲಿ ಕಾಣುವುದು ನಿಜ, ಆದರೆ ಮಕ್ಕಳಿಗೆ ಬಂದೇ ಬರುತ್ತದೆ ಅಂತ ಇಲ್ಲ. ಹತ್ತು ವರ್ಷ ದಾಟಿದ ಮೇಲೆ ಆಗಾಗ ಮಗುವನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಎರಡೂ ಬದಿ ಒಂದೇ ಮಟ್ಟದಲ್ಲಿದೆಯಾ ಅಂತ ಹಿಂದಿನಿಂದ ನೋಡಿದರೆ ಬೇಗ ಗೊತ್ತಾಗುತ್ತದೆ. ನಿಮಗೆ ತಮ್ಮ, ತಂಗಿ ಆ ವಯಸ್ಸಿನವರಿದ್ದರೆ ಇವತ್ತೇ ನೋಡಿ.

ಗಂಡಿನ ಕಡೆಯವರಿಗೆ ಹೇಳಬೇಕಾ ಅಂತ ಅಮ್ಮ ಮುಂದೆ ಕೇಳುತ್ತಾರೆ. ಹೇಳಿ ಅನ್ನುವುದೇ ನನ್ನ ಅಭಿಪ್ರಾಯ. 58 ಡಿಗ್ರಿಯ ವಕ್ರ ಸುಮ್ಮನೆ ಬಿಟ್ಟಿದ್ದರೆ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಬೆಳೆಯುತ್ತಾ ಹೋಗಬಹುದಿತ್ತು. ಅದಕ್ಕೆ ಸರಿಯಾದ ಸಮಯದಲ್ಲಿ ಚಿಕಿತ್ಸೆ ಆಗಿದೆ, ಹೆರಿಗೆಗೆ ಅಡ್ಡಿ ಇಲ್ಲ ಅಂತ ನೇರವಾಗಿ ಹೇಳಿ. ಮಾತು ಅಮ್ಮನಿಂದ ಬರುವುದಕ್ಕಿಂತ ನಿಮ್ಮಿಂದಲೇ ಬಂದರೆ ಒಳ್ಳೆಯದು. ಅವರಿಗೆ ಅನುಮಾನ ಉಳಿದರೆ ಮೂರು ತಿಂಗಳ ಚೆಕಪ್‌ಗೆ ಹೋದಾಗ ಸರ್ಜನ್ನರಿಂದ ಒಂದು ಪುಟದ ಪತ್ರ ಬರೆಸಿಕೊಂಡು ಬನ್ನಿ. ಮ್ಯಾನೇಜರಿಗೆ ಬೇಕಾದ ಪತ್ರವನ್ನೂ ಅದೇ ದಿನ ಕೇಳಿಬಿಡಿ. ಅದಕ್ಕೂ ಮೊದಲೇ ಕೆಲಸಕ್ಕೆ ಹೋಗುವುದಾದರೆ ಅವರ ಕ್ಲಿನಿಕ್ಕಿಗೆ ಫೋನ್ ಮಾಡಿ ಈ ವಾರವೇ ತರಿಸಿಕೊಳ್ಳಿ.